ಬಂಕಿನ ಪೆಟ್ರೋಲ್ ಬಾನಿಗೇರಬೇಕೆ? ಹತ್ತು ಸೂತ್ರಗಳು

ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು ಕಾವಲಿನ ಸುತ್ತ ಬೆಳೆಯುತ್ತಿರುವ ಮಕ್ಕಳಿಗೆ ವಿಮಾನ ದೂರದ ಮಾತಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇಲ್ಲಿ 2017ರ ಮೇ 28ರಂದು ಉದ್ಘಾಟನೆಯಾಯಿತು. ಅದಕ್ಕೂ ಮುಂಚೆ, 2016ರ ನವೆಂಬರ್‌ನಲ್ಲಿ, ‘ತಪಸ್’ ಎಂಬ ಮಾನವರಹಿತ ವಿಮಾನ ಮೊದಲ ಬಾರಿಗೆ ಹಾರಿದ್ದೂ ಇಲ್ಲೇ. ಮುಂದೆ ಅದಕ್ಕೆ ಜೋಡಿಸಿದ ಆಸ್ಟ್ರಿಯಾದ ಎಂಜಿನ್ನಿನ ಮೂಲ ಮರ್ಸಿಡಿಸ್ ಕಾರಿನ ಡೀಸೆಲ್ ಎಂಜಿನ್. ಕಾರಿನ ಎಂಜಿನ್ ಬಾನಿಗೇರುವುದಾದರೆ ಬಂಕಿನ ಪೆಟ್ರೋಲ್ ಏಕೆ ಏರಬಾರದು? ಚಳ್ಳಕೆರೆ, ಮೊಳಕಾಲ್ಮೂರಿನ ಐಟಿಐ, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಕೇಳಲೇಬೇಕಾದ ಪ್ರಶ್ನೆ ಇದು.

ಏರಬಹುದು. ಕಾರಿನ ಪೆಟ್ರೋಲಿನಲ್ಲೇ ಹಾರುವ ಲಘು ವಿಮಾನಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಆದರೆ ಬೆಲೆ ನೋಡಿ ಇಂಧನ ಆರಿಸುವವರಿಗೆ ಈ ದಾರಿ ಅಲ್ಲ. ಓದಿ, ಅಳೆದು, ಪರೀಕ್ಷಿಸಿ ಆರಿಸುವವರಿಗೆ ಮಾತ್ರ. ಮೈಕ್ರೋಲೈಟ್ ಹಾರಿಸುವ, ಎಂಜಿನ್ ಬಿಚ್ಚಿ ಜೋಡಿಸುವ, ವೈಮಾನಿಕ ಕ್ಷೇತ್ರದಲ್ಲಿ ಕೆಲಸ ಹಿಡಿಯುವ ಆಸೆಯುಳ್ಳವರೆಲ್ಲ ಈ ಹತ್ತು ಸೂತ್ರಗಳನ್ನು ಮನನ ಮಾಡಿಕೊಳ್ಳಿ.

1. ಮೊದಲು ಎಂಜಿನ್ನಿನ ಕೈಪಿಡಿ ಓದಿ

ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ‘ಹಂಸ ಎನ್‌ಜಿ’ ತರಬೇತಿ ವಿಮಾನ 2021ರ ಸೆಪ್ಟೆಂಬರ್ 3ರಂದು ಮೊದಲ ಸಲ ಹಾರಿತು. ಅದರಲ್ಲಿರುವುದು ರೋಟ್ಯಾಕ್ಸ್ 912 ಕುಟುಂಬದ ಎಂಜಿನ್. ಈ ಎಂಜಿನ್ನನ್ನು ತಯಾರಿಸಿದವರೇ ಸೀಸವಿಲ್ಲದ ಕಾರಿನ ಪೆಟ್ರೋಲಿಗೆ ಒಪ್ಪಿಗೆ ಕೊಟ್ಟಿದ್ದಾರೆ, ಆದರೆ ಷರತ್ತು ಹಾಕಿ. ಆಕ್ಟೇನ್ (ಇಂಧನ ಹದ ತಪ್ಪಿ ಸಿಡಿಯದಂತೆ ತಡೆಯುವ ಗುಣದ ಅಳತೆ) ಕನಿಷ್ಠ 95 ಇರಬೇಕು, ಎಥೆನಾಲ್ ಶೇ 10 ದಾಟಬಾರದು. ಅದೇ ಕುಟುಂಬದ 80 ಅಶ್ವಶಕ್ತಿಯ ಎಂಜಿನ್ನಿಗೆ 90 ಆಕ್ಟೇನ್ ಸಾಕು. ಹೆಸರು ಒಂದೇ, ಷರತ್ತು ಬೇರೆ. ಎಂಜಿನ್ ಮೇಲಿನ ಫಲಕದಲ್ಲಿರುವ ಮಾದರಿ ಸಂಖ್ಯೆಯನ್ನು ಅಕ್ಷರ ಅಕ್ಷರವಾಗಿ ಕೈಪಿಡಿಗೆ ಹೋಲಿಸಿ.

2. ವಿಮಾನಕ್ಕೂ ಅನುಮತಿ ಇದೆಯೇ ನೋಡಿ

ಎಂಜಿನ್ ಒಪ್ಪಿದರೆ ಸಾಲದು. ಟ್ಯಾಂಕು, ಪೈಪು, ಪಂಪು ಎಲ್ಲವೂ ಆ ಇಂಧನ ತಾಳಬೇಕು. ಅಮೆರಿಕದ ಹವ್ಯಾಸಿ ವಿಮಾನಿಗಳ ಸಂಘ ಇಎಎ, ಪರೀಕ್ಷಾ ಹಾರಾಟಗಳನ್ನು ನಡೆಸಿ 1982ರಲ್ಲಿ ಸೆಸ್ನಾ 150 ವಿಮಾನಕ್ಕೆ ಕಾರಿನ ಪೆಟ್ರೋಲ್ ಬಳಸುವ ಅಧಿಕೃತ ಅನುಮತಿ ಪಡೆಯಿತು. ಅದರ ತಮ್ಮನಂತೆ ಕಾಣುವ ಸೆಸ್ನಾ 152ರಲ್ಲಿ ಸಂಪೀಡನ ಹೆಚ್ಚಿರುವ ಬೇರೆ ಎಂಜಿನ್ ಇದೆ. ಅದಕ್ಕೆ 100 ಆಕ್ಟೇನ್ ಇಂಧನವೇ ಬೇಕು. ಪಕ್ಕದವರ ವಿಮಾನಕ್ಕೆ ಸರಿಹೋಯಿತೆಂಬುದು ಪುರಾವೆಯಲ್ಲ. ನಮ್ಮ ದೇಶದಲ್ಲಿ ಕೊನೆಯ ಮಾತು ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎಯದು. ಕಾಗದ ಕೈಯಲ್ಲಿಲ್ಲದಿದ್ದರೆ ಪೆಟ್ರೋಲ್ ಟ್ಯಾಂಕಿಗೆ ಇಳಿಯಕೂಡದು.

3. ಆಕ್ಟೇನ್ ಒಂದನ್ನೇ ನಂಬಬೇಡಿ

ಆಕ್ಟೇನ್ ಕಡಿಮೆಯಾದರೆ ಸಿಲಿಂಡರಿನೊಳಗೆ ಇಂಧನ ಹದ ತಪ್ಪಿ ಸಿಡಿಯುತ್ತದೆ, ಪಿಸ್ಟನ್ ಹಾಳಾಗುತ್ತದೆ. ಈಗಿನ ಕಾರುಗಳಲ್ಲಿ ಇದನ್ನು ಗ್ರಹಿಸಿ ಸರಿಪಡಿಸುವ ಸೆನ್ಸರ್ ಇರುತ್ತದೆ. ಹಳೆಯ ವಿಮಾನ ಎಂಜಿನ್‌ಗಳಲ್ಲಿ ಅದಿಲ್ಲ, ಪ್ರೊಪೆಲರ್ ಸದ್ದಿನಲ್ಲಿ ಆ ಬಡಿತ ಕಿವಿಗೂ ಬೀಳುವುದಿಲ್ಲ.

ಹಾಗೆಂದು ಆಕ್ಟೇನ್ ಹೆಚ್ಚಿದ್ದ ಮಾತ್ರಕ್ಕೆ ಗೆದ್ದಂತಲ್ಲ. ಶೇ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟಿದ್ದು 2023ರ ಫೆಬ್ರುವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಈಗ ಬಳ್ಳಾರಿ ರಸ್ತೆಯ ಬಂಕಿನಲ್ಲಾಗಲಿ ಚಳ್ಳಕೆರೆ ಪೇಟೆಯ ಬಂಕಿನಲ್ಲಾಗಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥೆನಾಲ್ ಆಕ್ಟೇನ್ ಏರಿಸುತ್ತದೆ ನಿಜ. ಆದರೆ ರೋಟ್ಯಾಕ್ಸ್ ಹೇಳಿದ ಮಿತಿ ಶೇ 10. ಇ20 ಆ ಮಿತಿಯ ಎರಡರಷ್ಟು. ಲೆಕ್ಕ ಅಲ್ಲಿಗೇ ಮುಗಿಯಿತು: ಇ20 ಈ ಎಂಜಿನ್‌ಗಳಿಗೆ ಬೇಡ.

4. ಜಾಡಿ ಪರೀಕ್ಷೆ ತಪ್ಪಿಸಬೇಡಿ

ಶೇಂಗಾ ಎಣ್ಣೆಯ ಮಿಲ್ಲುಗಳಿಂದ ಹೆಸರಾದ ಊರು ಚಳ್ಳಕೆರೆ. ಮಾದರಿ ನೋಡದೆ ಮಾಲು ಕೊಳ್ಳುವ ವ್ಯಾಪಾರಿ ಅಲ್ಲಿ ಸಿಗುವುದಿಲ್ಲ. ಪೆಟ್ರೋಲಿಗೂ ಅದೇ ಶಿಸ್ತು ಬೇಕು.

100 ಮಿಲಿಲೀಟರ್ ಗೆರೆಗಳಿರುವ ಉದ್ದನೆಯ ಗಾಜಿನ ಜಾಡಿ ತೆಗೆದುಕೊಳ್ಳಿ. 10ರ ಗೆರೆಯವರೆಗೆ ನೀರು, ಅದರ ಮೇಲೆ 100ರವರೆಗೆ ಪೆಟ್ರೋಲ್ ಸುರಿಯಿರಿ. ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ, ಸಮತಟ್ಟಾದ ಜಾಗದಲ್ಲಿಟ್ಟು ಕಾಯಿರಿ. ನೀರು ಕೆಳಗೆ, ಪೆಟ್ರೋಲ್ ಮೇಲೆ ನಿಲ್ಲುತ್ತದೆ. ಕೆಳಪದರ 10ರಲ್ಲೇ ಇದ್ದರೆ ಎಥೆನಾಲ್ ಇಲ್ಲ. 19ರ ಹತ್ತಿರ ಬಂದರೆ ಶೇ 10, 28ರ ಹತ್ತಿರ ಬಂದರೆ ಶೇ 20. ಪೆಟ್ರೋಲಿನಲ್ಲಿದ್ದ ಎಥೆನಾಲ್ ನೀರಿನ ಜೊತೆ ಸೇರಿ ಕೆಳಗಿಳಿಯುವುದರಿಂದ ಹೀಗಾಗುತ್ತದೆ. ಬಯಲಿನಲ್ಲಿ, ಬೆಂಕಿಯಿಂದ ದೂರ ನಿಂತು ಮಾಡಿ. ಪ್ರತಿ ಹೊಸ ಖರೀದಿಗೂ ಮಾಡಿ. ನಿನ್ನೆಯ ಫಲಿತಾಂಶ ಇವತ್ತಿಗೆ ನಡೆಯುವುದಿಲ್ಲ.

ಹೀಗೆ ನೀರು ಹಾಕಿ ಎಥೆನಾಲ್ ಬೇರ್ಪಡಿಸಿ, ಉಳಿದ ಪೆಟ್ರೋಲ್ ಬಳಸೋಣವೆಂಬ ಜಾಣತನ ಬೇಡ. ಎಥೆನಾಲ್ ಹೋದೊಡನೆ ಆಕ್ಟೇನ್ ಕೂಡ ಕುಸಿಯುತ್ತದೆ.

5. ಹಾರುವ ಮುನ್ನ ಟ್ಯಾಂಕಿನ ತಳ ನೋಡಿ

ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಮಿತಿ ಮೀರಿದಾಗ, ಅಥವಾ ಮೇಲೇರಿ ಇಂಧನ ತಣ್ಣಗಾದಾಗ, ನೀರೂ ಎಥೆನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಎಂಜಿನ್ ಹೀರುವುದು ತಳದಿಂದಲೇ. ಬೆಳಗಿನ ಮೊದಲ ಹಾರಾಟಕ್ಕೆ ಮುಂಚೆ, ಇಂಧನ ತುಂಬಿದ ಬಳಿಕ, ತಳದ ಕವಾಟದಿಂದ ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿ ಬೆಳಕಿಗೆ ಹಿಡಿಯಿರಿ. ಗುಳ್ಳೆಯಂತೆ ನಿಂತ ನೀರು, ಮಬ್ಬು, ಕಸ ಕಂಡರೆ ಆ ದಿನ ಹಾರಾಟವಿಲ್ಲ.

6. ಬಯಲುಸೀಮೆಯ ಬಿಸಿಲನ್ನು ಲೆಕ್ಕಕ್ಕೆ ತನ್ನಿ

ಕಾರಿನ ಪೆಟ್ರೋಲ್ ವಿಮಾನದ ಪೆಟ್ರೋಲಿಗಿಂತ ಬೇಗ ಆವಿಯಾಗುತ್ತದೆ. ಬಿಸಿಯಾದ ಪೈಪಿನಲ್ಲಿ ಆವಿಯ ಗುಳ್ಳೆ ಕಟ್ಟಿದರೆ ಪಂಪು ಇಂಧನವನ್ನು ಎಳೆಯಲಾರದೆ ಎಂಜಿನ್ ಸೊರಗುತ್ತದೆ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಇಳಿದು ಅಪಾಯ ಇನ್ನೂ ಹೆಚ್ಚುತ್ತದೆ. ಇದಕ್ಕಾಗಿಯೇ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಇಂಥ ಇಂಧನಕ್ಕೆ ಮಿತಿ ಹಾಕಿತು: ಟ್ಯಾಂಕಿನ ಇಂಧನ 20 ಡಿಗ್ರಿ ಸೆಲ್ಸಿಯಸ್ ಮೀರಬಾರದು, 6,000 ಅಡಿಗಿಂತ ಮೇಲೆ ಹಾರಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಮೊಳಕಾಲ್ಮೂರಿನ ಮಧ್ಯಾಹ್ನ 40 ಡಿಗ್ರಿಯ ಹತ್ತಿರ ಹೋಗುತ್ತದೆ. ಆ ಮಿತಿಯ ಪ್ರಕಾರ ನಮ್ಮ ಬೇಸಿಗೆಯಲ್ಲಿ ಬೆಳಗಿನ ಜಾವವೂ ಕಷ್ಟವೇ.

ಆದ್ದರಿಂದ ವಿಮಾನವನ್ನು ನೆರಳಲ್ಲಿ ನಿಲ್ಲಿಸಿ. ಇಂಧನದ ಉಷ್ಣಾಂಶವನ್ನು ಥರ್ಮಾಮೀಟರಿನಲ್ಲೇ ಅಳೆಯಿರಿ. ಇಳಿದ ತಕ್ಷಣ ಮತ್ತೆ ಹಾರಲು ಅವಸರಪಡಬೇಡಿ. ನಿಂತ ಎಂಜಿನ್ನಿನ ಕಾವು ಪೈಪುಗಳಿಗೆ ಏರುವುದು ಆಗಲೇ. ಏರುವಾಗಲೂ ಇಳಿಯುವಾಗಲೂ ವಿದ್ಯುತ್ ಪಂಪಿನ ಬಗ್ಗೆ ಕೈಪಿಡಿ ಹೇಳಿದ್ದನ್ನು ಪಾಲಿಸಿ.

7. ರಬ್ಬರು, ಫೈಬರ್ ತಪಾಸಣೆ ಮಾಡಿ

ಎಥೆನಾಲ್ ಹಳೆಯ ರಬ್ಬರ್ ಪೈಪನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ, ಸೀಲುಗಳನ್ನು ಕೆಡಿಸುತ್ತದೆ, ಕೆಲವು ಬಗೆಯ ಫೈಬರ್‌ಗ್ಲಾಸ್ ಟ್ಯಾಂಕಿನ ಒಳಪದರವನ್ನು ಕರಗಿಸುತ್ತದೆ. ಕರಗಿದ್ದು ಫಿಲ್ಟರಿನಲ್ಲಿ ಬಂದು ಕಟ್ಟಿಕೊಳ್ಳುತ್ತದೆ. ಪೈಪನ್ನು ಬೆರಳಲ್ಲಿ ಒತ್ತಿ ನೋಡಿ: ಅಂಟಂಟಾಗಿದ್ದರೂ ಗಡುಸಾಗಿದ್ದರೂ ಬದಲಿಸಿ.

8. ಸೀಸದ ಸಂಗತಿ ತಿಳಿದಿರಲಿ

ವಿಮಾನದ ಪೆಟ್ರೋಲ್ ‘ಏವಿಗ್ಯಾಸ್ 100 ಎಲ್‌ಎಲ್’ ನೀಲಿ ಬಣ್ಣದ್ದು. ಅದರಲ್ಲಿ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. ನಮ್ಮ ರಸ್ತೆಗಳಿಂದ ಸೀಸದ ಪೆಟ್ರೋಲ್ 2000ದಲ್ಲೇ ಮಾಯವಾಯಿತು; ಬಾನಿನಲ್ಲಿ ಇನ್ನೂ ಉಳಿದಿದೆ. ಸೀಸ ಆರೋಗ್ಯಕ್ಕೆ ವಿಷ. ರೋಟ್ಯಾಕ್ಸ್‌ನಂಥ ಎಂಜಿನ್ನಿನಲ್ಲಿ ಅದು ಸ್ಪಾರ್ಕ್ ಪ್ಲಗ್ಗು, ಎಣ್ಣೆಯಲ್ಲಿ ಕಿಟ್ಟವಾಗಿ ನಿಲ್ಲುತ್ತದೆ. ಎಣ್ಣೆಯನ್ನು ಬೇಗ ಬೇಗ ಬದಲಿಸಬೇಕಾಗುತ್ತದೆ. ಒಳ್ಳೆಯ ಸೀಸರಹಿತ ಪೆಟ್ರೋಲಿಗೆ ಇಷ್ಟು ಮಹತ್ವ ಬಂದಿರುವುದು ಇದರಿಂದಲೇ.

ಆದರೂ ಎಥೆನಾಲಿಲ್ಲದ, ಆಕ್ಟೇನ್ ಖಚಿತವಿರುವ ಪೆಟ್ರೋಲ್ ಸಿಗದಿದ್ದಾಗ ಏವಿಗ್ಯಾಸೇ ಸುರಕ್ಷಿತ. ಮೊದಲು ಇದನ್ನು ಹೊರದೇಶದಿಂದ ತರಿಸಬೇಕಿತ್ತು. 2022ರ ಸೆಪ್ಟೆಂಬರ್ 26ರಂದು ಇಂಡಿಯನ್ ಆಯಿಲ್ ತನ್ನ ವಡೋದರ ಸಂಸ್ಕರಣಾಗಾರದಲ್ಲಿ ತಯಾರಿಸಿದ ಏವಿಗ್ಯಾಸ್ ಬಿಡುಗಡೆ ಮಾಡಿತು.

9. ಕ್ಯಾನು, ಕಿಡಿ, ಹೆಸರು: ಮೂರರಲ್ಲೂ ಎಚ್ಚರ

ಒಣಗಾಳಿಯಲ್ಲಿ ಪ್ಲಾಸ್ಟಿಕ್ ಕ್ಯಾನಿನಿಂದ ಸುರಿಯುವಾಗ ಸ್ಥಾಯಿ ವಿದ್ಯುತ್ತಿನ ಒಂದು ಕಿಡಿ ಸಾಕು, ಅನಾಹುತವಾಗುತ್ತದೆ. ಲೋಹದ ಕ್ಯಾನು ಬಳಸಿ. ಕ್ಯಾನು, ಆಲಿಕೆ, ವಿಮಾನ ಮೂರನ್ನೂ ತಂತಿಯಿಂದ ಜೋಡಿಸಿದ ಮೇಲೆ ಸುರಿಯಿರಿ. ಪರವಾನಗಿ ಇಲ್ಲದೆ 30 ಲೀಟರಿಗಿಂತ ಹೆಚ್ಚು ಪೆಟ್ರೋಲ್ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ತಿಂಗಳುಗಟ್ಟಲೆ ಇಟ್ಟ ಪೆಟ್ರೋಲ್ ಹಳಸುತ್ತದೆ, ಹಾರಾಟಕ್ಕೆ ಬೇಡ. ಟ್ಯಾಂಕಿನ ಬಾಯಿಯ ಪಕ್ಕ ಇಂಧನದ ಹೆಸರನ್ನು ದಪ್ಪಕ್ಷರದಲ್ಲಿ ಬರೆಯಿರಿ. ಪೆಟ್ರೋಲ್ ಎಂಜಿನ್ನಿಗೆ ಸೀಮೆಎಣ್ಣೆಯ ಜಾತಿಯ ಜೆಟ್ ಇಂಧನ ತುಂಬಿ ಎಷ್ಟೋ ವಿಮಾನಗಳು ಉರುಳಿವೆ.

10. ದಾಖಲೆ ಬರೆಯಿರಿ, ಅನುಮಾನ ಬಂದರೆ ನೆಲದಲ್ಲೇ ಇರಿ

ಎಲ್ಲಿ ಕೊಂಡದ್ದು, ಯಾವ ದಿನ, ಎಷ್ಟು ಲೀಟರ್, ಜಾಡಿಯಲ್ಲಿ ಎಷ್ಟು ಬಂತು, ಉಷ್ಣಾಂಶ ಎಷ್ಟಿತ್ತು ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ. ಎಂಜಿನ್ ಸದ್ದು ಬದಲಾದ ದಿನ ಕಾರಣ ಹುಡುಕಲು ಆ ಪುಟವೇ ನೆರವಾಗುತ್ತದೆ. ಕಾರಿನ ಎಂಜಿನ್ ಕೈಕೊಟ್ಟರೆ ರಸ್ತೆ ಬದಿಗೆ ನಿಲ್ಲಿಸಬಹುದು. ಒಂದೇ ಎಂಜಿನ್ನಿನ ವಿಮಾನಕ್ಕೆ ಬಾನಿನಲ್ಲಿ ಬದಿ ಎಂಬುದಿಲ್ಲ. ಲೀಟರಿಗೆ ಉಳಿಸಿದ ಹಣ ಒಂದು ಪಿಸ್ಟನ್ನಿಗೂ ಸಾಲದು, ಒಂದು ಜೀವಕ್ಕಂತೂ ಸಾಲುವುದೇ ಇಲ್ಲ.

ಚಳ್ಳಕೆರೆ, ಮೊಳಕಾಲ್ಮೂರಿನ ಶಿಕ್ಷಕರಲ್ಲಿ ಒಂದು ಕೋರಿಕೆ: ಜಾಡಿ ಪರೀಕ್ಷೆಯನ್ನು ನಿಮ್ಮ ಸಂಸ್ಥೆಯ ಬಯಲಿನಲ್ಲಿ ಮಕ್ಕಳ ಕಣ್ಣೆದುರು ಮಾಡಿ ತೋರಿಸಿ. ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೇ: ಬೆಲೆ ಕೇಳುವ ಮುಂಚೆ ಕೈಪಿಡಿ ತೆರೆಯಿರಿ, ತುಂಬುವ ಮುಂಚೆ ಪರೀಕ್ಷಿಸಿ. ಈ ಎರಡು ಅಭ್ಯಾಸ ಇದ್ದವರಿಗೆ ವಿಮಾನದ ಎಂಜಿನ್ ಒಪ್ಪಿಸಬಹುದು.