ಮಂಗಳೂರು ಸೀಮೆಯ ಕೋಟೆ, ಅರಮನೆ: ಅಳಿವೆಯ ಲೆಕ್ಕ ಹಿಡಿದು ನೋಡಿ

ಮೈಸೂರು, ಚಿತ್ರದುರ್ಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಂಗಳೂರಿಗೆ ಕೋಟೆ ನೋಡಲು ಬಂದವರಿಗೆ ನಿರಾಸೆ ಖಂಡಿತ. ಇಲ್ಲಿ ಏಳು ಸುತ್ತಿನ ಕೋಟೆಯಿಲ್ಲ, ದೀಪಾಲಂಕಾರದ ಅರಮನೆಯಿಲ್ಲ. ಈ ಕರಾವಳಿಯಲ್ಲಿ ಅಧಿಕಾರ ನಿಂತದ್ದು ನದಿ ಕಡಲು ಸೇರುವ ಅಳಿವೆಗಳ ಮೇಲೆ. ಘಟ್ಟದ ಮೆಣಸು, ಬಯಲಿನ ಅಕ್ಕಿ ಹಡಗು ಏರುತ್ತಿದ್ದ ಜಾಗವನ್ನು ಹಿಡಿದವರೇ ಒಡೆಯರು. ಹಾಗಾಗಿ ಗೋಡೆಯ ಎತ್ತರ ಅಳೆಯುವುದನ್ನು ಬಿಟ್ಟು, ಇದು ಯಾವ ದಾರಿಯನ್ನು ಕಾಯುತ್ತಿತ್ತು ಎಂದು ಕೇಳುತ್ತ ನೋಡಬೇಕು. ಹಾಗೆ ನೋಡುವವರಿಗೆ ಎರಡು ದಿನದ ತಿರುಗಾಟ ಸಾರ್ಥಕ.

ಮೊದಲ ದಿನ ಬೆಳಿಗ್ಗೆ ಸುಮಾರು 35 ಕಿ.ಮೀ. ದೂರದ ಮೂಡುಬಿದಿರೆಗೆ ಹೊರಡಿ. ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಬಸ್ಸಿಗೆ ಬರವಿಲ್ಲ. 16ನೇ ಶತಮಾನದಲ್ಲಿ ನೇತ್ರಾವತಿ ಅಳಿವೆಯ ಉಳ್ಳಾಲದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕ ಚೌಟ ಮನೆತನದವಳು. ಅದೇ ಮನೆತನದ ಅರಮನೆ ಮೂಡುಬಿದಿರೆಯಲ್ಲಿದೆ. ಒಂಬತ್ತು ಹೆಂಗಸರು ಸೇರಿ ಆನೆಯಾಗುವ ನವನಾರೀ ಕುಂಜರ, ಐವರು ಸೇರಿ ಕುದುರೆಯಾಗುವ ಪಂಚನಾರೀ ತುರಗ, ಎರಡೂ ಅಲ್ಲಿನ ಮರದ ಕಂಬಗಳಲ್ಲಿವೆ. ಮನೆತನದವರು ಈಗಲೂ ವಾಸಿಸುವ ಮನೆ ಅದು. ಕೇಳಿ ಒಳಹೋಗಿ, ಒಪ್ಪಿದರಷ್ಟೇ ಚಿತ್ರ ತೆಗೆಯಿರಿ. 1430ರ ಸಾವಿರ ಕಂಬದ ಬಸದಿಯೂ ಅದೇ ಊರಿನಲ್ಲಿದೆ. ಸಂಜೆಗೆ ಮಂಗಳೂರಿಗೆ ಮರಳಿ ಬೋಳೂರಿನ ಸುಲ್ತಾನ್ ಬತ್ತೇರಿ ನೋಡಿ. ಇಂಗ್ಲಿಷರ ವಶವಾಗಿದ್ದ ಮಂಗಳೂರು ಕೋಟೆಯನ್ನು ಟಿಪ್ಪು 1783ರಲ್ಲಿ ಮುತ್ತಿ, ಮರುವರ್ಷ ಮರಳಿ ಪಡೆದ. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಆಮೇಲೆ ಆ ಕೋಟೆಯನ್ನೇ ಕೆಡವಿಸಿ, ಗುರುಪುರ ನದಿಯಲ್ಲಿ ಯುದ್ಧನೌಕೆ ನುಗ್ಗದಂತೆ ಈ ಕಾವಲು ಗೋಪುರ ಕಟ್ಟಿಸಿದ. ಇಡೀ ಕೋಟೆ ಹೋಗಿ ನದಿಯ ಕಾವಲು ಮಾತ್ರ ಉಳಿದಿರುವುದು ಈ ಸೀಮೆಯಲ್ಲಿ ಯಾವುದಕ್ಕೆ ಬೆಲೆಯಿತ್ತು ಎಂಬುದಕ್ಕೆ ಸಾಕ್ಷಿ.

ಎರಡನೆಯ ದಿನ ಬೇಕಲಕ್ಕೆ ಮೀಸಲಿಡಿ. ಮಂಗಳೂರು ಸೆಂಟ್ರಲ್‌ನಿಂದ ಕಾಸರಗೋಡಿಗೆ ರೈಲು, ಅಲ್ಲಿಂದ ದಕ್ಷಿಣಕ್ಕೆ ಬಸ್ಸು. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ, ಸುಮಾರು 40 ಎಕರೆಯ ಕೋಟೆ ಇದು. 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಇಷ್ಟು ದೊಡ್ಡ ಕೋಟೆಯೊಳಗೆ ಅರಮನೆಯೇ ಇಲ್ಲ. ಮೆಟ್ಟಿಲಿರುವ ಕೆರೆ, ಮದ್ದಿನ ಮನೆ, ವೀಕ್ಷಣಾ ಗೋಪುರ, ಕಡಲಿನತ್ತ ತೆರೆದ ಗುಂಡಿನ ಕಿಂಡಿಗಳು ಇವೆ. ಇದು ಕಡಲು ಕಾಯಲೆಂದೇ ಕಟ್ಟಿದ ಕೋಟೆ ಎನ್ನಲು ಬೇರೆ ಪುರಾವೆ ಬೇಕಿಲ್ಲ. ನೆರಳು ಕಡಿಮೆ, ಬೆಳಿಗ್ಗೆಯೇ ತಲುಪಿ.

ಹಾಗಾದರೆ ಬೆಳ್ತಂಗಡಿಯ ಗಡಾಯಿಕಲ್ಲು ಎಂಬ ಬಂಡೆಯ ತಲೆಯ ಮೇಲಿರುವ ಜಮಾಲಾಬಾದ್ ಕೋಟೆ ಅಳಿವೆಯಿಂದ ಅಷ್ಟು ದೂರ ಏಕಿದೆ ಎಂದು ಯಾರಾದರೂ ಕೇಳಬಹುದು. 1794ರಲ್ಲಿ ಟಿಪ್ಪು ಕಟ್ಟಿಸಿದ ಆ ಕೋಟೆಯಿರುವುದು ಚಾರ್ಮಾಡಿ ಘಾಟಿಯ ಕಡೆಗೆ. ಬಂದರಿಗೆ ಇಳಿಯುವ ಸರಕಿಗೂ ಘಟ್ಟ ಹತ್ತುವ ಸೈನ್ಯಕ್ಕೂ ಒಂದೇ ದಾರಿ. ಅದರ ಒಂದು ತುದಿ ಅಳಿವೆ, ಇನ್ನೊಂದು ಘಾಟಿ. ಗಡಾಯಿಕಲ್ಲು ಹತ್ತಲು ಮೂರನೆಯ ದಿನ ಬೇಕು, ಅದೂ ನವೆಂಬರ್‌ನಿಂದ ಫೆಬ್ರವರಿಯೊಳಗೆ. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ, ಅರಣ್ಯ ಇಲಾಖೆಯೂ ಬಿಡುವುದಿಲ್ಲ. ನೀರು ಜೊತೆಗಿರಲಿ.

ಹತ್ತು ನಿಮಿಷದಲ್ಲಿ ಮುಗಿಯುವ ಬತ್ತೇರಿಗಿಂತ ಮೈಸೂರು ಅರಮನೆಯೇ ಮೇಲಲ್ಲವೇ ಎಂಬ ಮಾತಿನಲ್ಲೂ ನ್ಯಾಯವಿದೆ. ವೈಭವ ನೋಡಬೇಕೆಂದರೆ ಅಲ್ಲಿಗೇ ಹೋಗಿ. ಆದರೆ 1912ರಲ್ಲಿ ಮುಗಿದ ಆ ಅರಮನೆ ತೋರಿಸುವುದು ರಾಜರ ಸಿರಿಯನ್ನು. ಈ ಕರಾವಳಿಯ ವ್ಯಾಪಾರಕ್ಕಾಗಿ ನಡೆದ ಕಾದಾಟವನ್ನು ಬತ್ತೇರಿಯ ಮೇಲೆ ನಿಂತೇ ತಿಳಿಯಬೇಕು. ಅಲ್ಲಿಂದ ದೋಣಿಯಲ್ಲಿ ತಣ್ಣೀರುಬಾವಿಗೆ ದಾಟಿದರೆ ನದಿಗೂ ಕಡಲಿಗೂ ನಡುವಿನ ಮರಳಪಟ್ಟಿ ಎಷ್ಟು ಕಿರಿದೆಂಬುದು ಕಾಲಿಗೇ ಗೊತ್ತಾಗುತ್ತದೆ. ಬರುವವರು ಸಮಯ ಇಟ್ಟುಕೊಂಡು ಬನ್ನಿ. ಗೋಡೆಯ ಮೇಲೆ ಹೆಸರು ಕೆತ್ತಬೇಡಿ, ಪ್ಲಾಸ್ಟಿಕ್ ಬಿಟ್ಟುಹೋಗಬೇಡಿ. ಉಳಿದಿರುವುದೇ ಸ್ವಲ್ಪ, ಅದನ್ನು ಉಳಿಸಿಕೊಳ್ಳುವ ಹೊಣೆ ನೋಡುವವರದೂ ಹೌದು.