ಕಾರ್ಕಳವನ್ನು ನಡೆದೇ ನೋಡಿ

ಮಣಿಪಾಲಕ್ಕೆ ಓದಲು ಬಂದ ಮಕ್ಕಳೇ, ರಜೆ ಸಿಕ್ಕಿದ ಕೂಡಲೇ ಕಾಪು ಕಡಲಿಗೆ ಓಡುತ್ತೀರಿ, ದೀಪಸ್ತಂಭ ಹತ್ತುತ್ತೀರಿ, ಸಂತೋಷ. ಒಂದು ಭಾನುವಾರ ಮಾತ್ರ ಕಾರ್ಕಳಕ್ಕೆಂದು ಎತ್ತಿಡಿ. ಬಸ್ಸಿನಲ್ಲಿ ಹೋಗಿ, ಅಲ್ಲಿ ಇಳಿದ ಮೇಲೆ ಮಾತ್ರ ನಡೆಯಿರಿ. ಗೊಮ್ಮಟನ ಬೆಟ್ಟಕ್ಕೆ ವಾಹನ ಹೋಗುವ ದಾರಿಯೂ ಇದೆ. ಆದರೂ ಬಂಡೆಯಲ್ಲೇ ಕಡಿದ ಮೆಟ್ಟಿಲು ಹತ್ತಿಯೇ ಹೋಗಿ ಎನ್ನುತ್ತೇನೆ.

ಬೆಳಿಗ್ಗೆ ಬೇಗ ಹೊರಡಿ. ಮೇಲೆ ಚಪ್ಪಲಿ ಕಳಚಬೇಕು; ಬಿಸಿಲೇರಿದರೆ ಬಂಡೆ ಕಾದು ಕಾಲಿಡಲಾಗದು. ಮಳೆಗಾಲದಲ್ಲಾದರೆ ಹಾವಸೆ ಕಟ್ಟಿ ಕಲ್ಲು ಜಾರುತ್ತದೆ, ಅವಸರ ಬೇಡ. ಮೆಟ್ಟಿಲು ಹತ್ತಿ ಏದುಸಿರು ಬಂದಾಗಲೇ ಗೊಮ್ಮಟನನ್ನು ಮೇಲೆ ತಂದು ನಿಲ್ಲಿಸಿದ ಕೆಲಸದ ಭಾರ ನಿಮಗೆ ಅರ್ಥವಾಗುವುದು. ಸುಮಾರು 42 ಅಡಿಯ ಈ ಏಕಶಿಲಾ ಮೂರ್ತಿಯನ್ನು 1432ರಲ್ಲಿ ಪ್ರತಿಷ್ಠೆ ಮಾಡಿಸಿದವನು ಭೈರರಸ ಮನೆತನದ ವೀರಪಾಂಡ್ಯ. ಅದನ್ನು ಬಂಡಿಯಲ್ಲಿಟ್ಟು ಜನ ಬೆಟ್ಟಕ್ಕೆ ಎಳೆದು ತಂದ ಕತೆಯನ್ನು ಚಂದ್ರಮ ಕವಿ ‘ಕಾರ್ಕಳ ಗೊಮ್ಮಟೇಶ್ವರ ಚರಿತೆ’ಯಲ್ಲಿ ಹೇಳಿದ್ದಾನೆ. ನೀವು ಬರಿಗೈಯಲ್ಲಿ ಹತ್ತಿದ ಏರು ಅದು. ಗೊಮ್ಮಟನ ಎದುರು ನಿಂತಾಗ ಮೊಬೈಲು ಜೇಬಿನಲ್ಲಿರಲಿ. ಕಾಲಿನಿಂದ ತೋಳಿಗೆ ಸುತ್ತಿಕೊಂಡು ಏರಿದ ಬಳ್ಳಿಯನ್ನು ಕಣ್ಣಿನಲ್ಲೇ ಹಿಂಬಾಲಿಸಿ, ಆಮೇಲೆ ಮುಖ ನೋಡಿ.

ಇಳಿದು ಎದುರಿನ ಸಣ್ಣ ಗುಡ್ಡಕ್ಕೆ ಬನ್ನಿ. ಅಲ್ಲಿರುವುದು ಚತುರ್ಮುಖ ಬಸದಿ. ಅದೇ ಮನೆತನದ ಇಮ್ಮಡಿ ಭೈರರಸ 1586ರಲ್ಲಿ ಕಟ್ಟಿಸಿದ್ದು. ನಡುವೆ 154 ವರ್ಷ ಕಳೆದಿದ್ದರೂ ಹಿರಿಯನ ಗೊಮ್ಮಟನಿಗೆ ಎದುರಾಗಿಯೇ ಕಿರಿಯನು ಜಾಗ ಆರಿಸಿದ. ಕಾರಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಿದರೆ ಈ ಸಂಬಂಧ ಗೊತ್ತೇ ಆಗುವುದಿಲ್ಲ. ಬಸದಿಗೆ ಒಂದು ಸುತ್ತು ಬನ್ನಿ. ನಾಲ್ಕು ದಿಕ್ಕಿಗೂ ನಾಲ್ಕು ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಅರ, ಮಲ್ಲಿ, ಮುನಿಸುವ್ರತ ಎಂಬ ಮೂವರು ತೀರ್ಥಂಕರರು ನಿಂತೇ ಇರುತ್ತಾರೆ. ಮಾಡಿಗೆ ಹೆಂಚಿಲ್ಲ, ಕಲ್ಲಿನ ಹಾಸುಗಳನ್ನೇ ಹೊದಿಸಿದ್ದಾರೆ. ಬಸದಿಯ ಅರ್ಚಕರಾದ ಇಂದ್ರರು ಸಿಕ್ಕಿದರೆ ನಮಸ್ಕರಿಸಿ, ಬಿಡುವಿದೆಯೇ ಎಂದು ಕೇಳಿ, ಕುಳಿತು ಮಾತಾಡಿ. ಫಲಕದಲ್ಲಿ ಬರೆಯದ ಎಷ್ಟೋ ಸಂಗತಿ ಅವರಿಗೆ ಗೊತ್ತು.

ಅಲ್ಲಿಂದ ಆನೆಕೆರೆಯ ದಂಡೆಗೆ ಹೋಗಿ. ಕೆರೆಯ ನಡುವೆ ಇನ್ನೊಂದು ಬಸದಿ. ಹಸಿವಾದರೆ ಪೇಟೆಯ ಹೋಟೆಲಿನಲ್ಲಿ ಬಿಸಿ ಗೋಳಿಬಜೆ ತಿನ್ನಿ. ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಹಿರಿಯಂಗಡಿಗೆ ನಡೆದು, ನೇಮಿನಾಥ ಬಸದಿಯ ಮುಂದಿನ ಮಾನಸ್ತಂಭವನ್ನು ಬುಡದಿಂದ ತುದಿಯವರೆಗೆ ನೋಡಿ. ವರಂಗದ ಕೆರೆ ಬಸದಿಗೆ ದೋಣಿಯಲ್ಲಿ ಹೋಗಬೇಕು, ಅದನ್ನೂ ಇದೇ ದಿನಕ್ಕೆ ತುರುಕಬೇಡಿ.

ಇವೆಲ್ಲ ಇಂದಿಗೂ ಪೂಜೆ ನಡೆಯುವ ಜಾಗಗಳು. ಕಂಬಕ್ಕೆ ಒರಗಿ ಹೆಸರು ಗೀಚುವುದು, ಬಂಡೆಯ ಮೇಲೆ ಬಾಟಲಿ ಬಿಟ್ಟು ಬರುವುದು ಬೇಡವೇ ಬೇಡ. ಗೊಮ್ಮಟನಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ, ಕಳೆದದ್ದು 2015ರಲ್ಲಿ. ಆಗ ಊರು ತುಂಬ ಜನ. ಅದಕ್ಕೂ ಹೋಗಿ, ಆದರೆ ಅದಕ್ಕಾಗಿ ಕಾಯಬೇಡಿ. ನಾಲ್ಕು ವರ್ಷ ಇಲ್ಲಿದ್ದು, ಪಕ್ಕದ ಊರನ್ನು ಕಾಣದೆ ಪದವಿ ಹಿಡಿದು ಹೊರಡಬೇಡಿ. ಬರುವ ಭಾನುವಾರವೇ ಮೊದಲ ಬಸ್ಸು ಹತ್ತಿ.