ಕಾರು ನಿಂತ ದಿನಗಳ ಲೆಕ್ಕ

ಎಲೆಕ್ಟ್ರಿಕ್ ಕಾರಿನ ಸರ್ವಿಸ್ ಬಿಲ್ಲು ನೋಡಿದರೆ ಪೆಟ್ರೋಲ್ ಕಾರಿನವರಿಗೆ ಹೊಟ್ಟೆ ಉರಿಯಬೇಕು. ಎಂಜಿನ್ ಆಯಿಲ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ. ಎ.ಸಿ. ಫಿಲ್ಟರ್ ಬದಲಿಸುತ್ತಾರೆ, ಕೂಲಂಟ್ ನೋಡುತ್ತಾರೆ, ತೊಳೆದು ಕೊಡುತ್ತಾರೆ. ಬ್ರೇಕ್ ಪ್ಯಾಡ್ ಕೂಡ ಬೇಗ ಸವೆಯುವುದಿಲ್ಲ; ಕಾಲು ತೆಗೆದರೆ ಮೋಟಾರೇ ವೇಗ ತಗ್ಗಿಸಿ ಆ ಶಕ್ತಿಯನ್ನು ಬ್ಯಾಟರಿಗೆ ವಾಪಸು ಕಳಿಸುತ್ತದೆ. ಇಂಧನದ ಲೆಕ್ಕ ಇನ್ನೂ ಚೆಂದ. ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿರುವಾಗ 15 ಕಿ.ಮೀ. ಕೊಡುವ ಕಾರು ಕಿಲೋಮೀಟರಿಗೆ ಏಳು ರೂಪಾಯಿಯಷ್ಟು ಕುಡಿಯುತ್ತದೆ. ಮನೆ ಮೀಟರಿನಿಂದ ಚಾರ್ಜ್ ಮಾಡಿಕೊಂಡರೆ ಅದೇ ದೂರಕ್ಕೆ ಒಂದು ರೂಪಾಯಿ ಆಸುಪಾಸು. ಸಾಗರ, ತೀರ್ಥಹಳ್ಳಿ, ಭದ್ರಾವತಿ ಎಂದು ತಿಂಗಳಿಗೆ ಸಾವಿರ ಕಿಲೋಮೀಟರ್ ಸುತ್ತುವ ನನ್ನಂಥವನಿಗೆ ಐದೂವರೆ ಸಾವಿರ ಕೈಯಲ್ಲಿ ಉಳಿಯುತ್ತದೆ.

ಷೋರೂಮಿನವರು ಹೇಳಿದ್ದೂ ಇದನ್ನೇ, ಅದರಲ್ಲಿ ಸುಳ್ಳಿಲ್ಲ. ಅವರು ಹೇಳದೆ ಬಿಟ್ಟಿದ್ದು ಕಾರು ನಿಂತುಬಿಟ್ಟರೆ ಏನಾಗುತ್ತದೆ ಎಂಬುದನ್ನು.

ಮಳೆಗಾಲದ ಒಂದು ಸಂಜೆ ಆಯನೂರು ದಾಟುವಾಗ ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಆಮೆಯ ಚಿತ್ರ ಮೂಡಿತು. ಬ್ಯಾಟರಿಯಲ್ಲೋ ಮೋಟಾರಿನಲ್ಲೋ ತೊಂದರೆ ಕಂಡಾಗ ಕಾರು ತನ್ನ ಶಕ್ತಿಯನ್ನು ತಾನೇ ಕಡಿಮೆ ಮಾಡಿಕೊಳ್ಳುವ ಸೂಚನೆ ಅದು. ತೆವಳುತ್ತಾ ಶಿವಮೊಗ್ಗ ಸೇರಿದೆ. ಮರುದಿನ ಸರ್ವಿಸ್ ಸೆಂಟರಿನ ಹುಡುಗ ಲ್ಯಾಪ್‌ಟಾಪ್ ಜೋಡಿಸಿ, ಬಂದ ಕೋಡನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಯಾರಿಗೋ ಕಳಿಸಿದ. ‘ಇದು ಬ್ಯಾಟರಿ ಪ್ಯಾಕ್ ಒಳಗಿನ ಪ್ರಾಬ್ಲಮ್ ಸರ್, ನಾವು ಮುಟ್ಟೋ ಹಾಗಿಲ್ಲ’ ಎಂದ. ಅಲ್ಲಿಂದ ಶುರುವಾದ ಕಥೆಗೆ ಪಾತ್ರಧಾರಿಗಳು ಬಹಳ. ಇಲ್ಲಿಯ ವರದಿ ಕಂಪನಿಗೆ ಹೋಗಬೇಕು, ಅಲ್ಲಿನ ಎಂಜಿನಿಯರು ಡೇಟಾ ನೋಡಬೇಕು, ವಾರಂಟಿ ವಿಭಾಗ ಒಪ್ಪಬೇಕು, ಪಾರ್ಟ್ ಗೋದಾಮಿನಿಂದ ಹೊರಡಬೇಕು, ಹೈ ವೋಲ್ಟೇಜ್ ತರಬೇತಿ ಪಡೆದವನೊಬ್ಬ ಬೇರೆ ಊರಿನಿಂದ ಬಿಡುವು ಮಾಡಿಕೊಂಡು ಬರಬೇಕು. ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಕಡತ ಹೋಗುವುದನ್ನು ತಾಲ್ಲೂಕು ಕಚೇರಿಯಲ್ಲಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಫೋನ್ ಮಾಡಿದಾಗಲೆಲ್ಲ ಸರ್ವಿಸ್ ಅಡ್ವೈಸರ್ ‘ಅಪ್ರೂವಲ್ ಬಂದಿಲ್ಲ ಸರ್’ ಎನ್ನುತ್ತಿದ್ದ. ಕೆಲವು ವಾರದ ಮೇಲೆ ಅದು ‘ಪಾರ್ಟ್ ಟ್ರಾನ್ಸಿಟ್‌ನಲ್ಲಿದೆ ಸರ್’ ಎಂದಾಯಿತು. ಅಂತೂ ಕಾರು ಕೈಗೆ ಬರುವಾಗ ದಸರಾ ರಜೆ ಮುಗಿದಿತ್ತು.

ಬಿಲ್ಲು? ಸೊನ್ನೆ. ಪೂರ್ತಿ ವಾರಂಟಿಯಲ್ಲಿ ಹೋಯಿತು. ‘ಒಂದು ರೂಪಾಯಿ ಖರ್ಚಿಲ್ಲದೆ ಬ್ಯಾಟರಿಯ ಹೊಸ ಮಾಡ್ಯೂಲ್ ಬಂತಲ್ಲ, ಇನ್ನೇನು ಬೇಕು ನಿಮಗೆ?’ ಎಂದು ಸ್ನೇಹಿತರು ಕೇಳಿದರು.

ಬೇಕಾದದ್ದು ಇಷ್ಟು. ಹತ್ತು ಲಕ್ಷದ ಸಾಲ, ಶೇ 9ರ ಬಡ್ಡಿ, ಐದು ವರ್ಷ ಎಂದಿಟ್ಟುಕೊಳ್ಳಿ. ತಿಂಗಳ ಕಂತು 20,758 ರೂಪಾಯಿ. ದಿನಕ್ಕೆ ಹೆಚ್ಚುಕಡಿಮೆ 690. ವಿಮೆಗೆ ವರ್ಷಕ್ಕೆ ಮೂವತ್ತಾರು ಸಾವಿರ ಕಟ್ಟುವವರಿಗೆ ಅದು ದಿನಕ್ಕೆ ನೂರು. ಅಲ್ಲಿಗೆ ಕಾರು ಗ್ಯಾರೇಜಿನಲ್ಲಿ ಸುಮ್ಮನೆ ನಿಂತಿರುವ ಪ್ರತಿ ದಿನಕ್ಕೂ 790 ರೂಪಾಯಿ. ಇದರ ಮೇಲೆ ಆಸ್ಪತ್ರೆಗೆ, ಮದುವೆ ಮನೆಗೆ ಟ್ಯಾಕ್ಸಿ. ಕಾರು ಒಂದು ತಿಂಗಳು ನಿಂತರೆ ಬರೀ ಕಂತು, ವಿಮೆಗಳೇ ನಾಲ್ಕು ತಿಂಗಳ ಪೆಟ್ರೋಲ್ ಉಳಿತಾಯವನ್ನು ನುಂಗುತ್ತವೆ. ವಾರಂಟಿ ಕೆಟ್ಟ ಭಾಗಕ್ಕೆ ಹಣ ಕೊಡುತ್ತದೆ, ಕೆಟ್ಟು ನಿಂತ ದಿನಕ್ಕೆ ಕೊಡುವುದಿಲ್ಲ. ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿ.ಮೀ. ಎಂದು ಮುಖಪುಟದಲ್ಲೇ ದಪ್ಪ ಅಕ್ಷರದಲ್ಲಿ ಇರುತ್ತದೆ. ಎಷ್ಟು ದಿನದೊಳಗೆ ರಿಪೇರಿ ಮಾಡಿಕೊಡುತ್ತೇವೆ ಎಂಬ ಸಾಲನ್ನು ನನ್ನ ವಾರಂಟಿ ಪುಸ್ತಕದಲ್ಲಿ ಹುಡುಕಿ ಹುಡುಕಿ ಸೋತೆ.

ತಡವಾಗುವುದಕ್ಕೆ ಕಾರಣ ಇಲ್ಲವೆಂದಲ್ಲ. ಕಾರಿನ ತಳದಲ್ಲಿರುವ ಪ್ಯಾಕಿನಲ್ಲಿ ಸಾಮಾನ್ಯವಾಗಿ ಮುನ್ನೂರು ವೋಲ್ಟಿಗೂ ಹೆಚ್ಚು ಡಿ.ಸಿ. ವಿದ್ಯುತ್ ಇರುತ್ತದೆ. ಸರ್ವಿಸ್ ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್‌ಗಳು ಖಾಲಿಯಾಗಲು ಕೆಲವು ನಿಮಿಷ ಕಾಯಬೇಕು. ವಿದ್ಯುತ್ ನಿರೋಧಕ ಕೈಗವಸು ಇಲ್ಲದೆ ಮುಟ್ಟಿದರೆ ಜೀವಕ್ಕೇ ಅಪಾಯ. ಹಿಂದೆ ಹೀಗಿರಲಿಲ್ಲ. ಬೆಂಗಳೂರಿನಲ್ಲಿದ್ದ ನನ್ನ ಸೋದರಮಾವ ರೇವಾ ಎಂಬ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡಿದ್ದರು. 2001ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಕಾರು. ಆರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿ, ಒಟ್ಟು 48 ವೋಲ್ಟ್. ಸೀಟಿನ ಕೆಳಗೆ ಕೈಹಾಕಿ ಮಾವ ತಾವೇ ಡಿಸ್ಟಿಲ್ಡ್ ವಾಟರ್ ತುಂಬುತ್ತಿದ್ದರು. ಆ ಬ್ಯಾಟರಿಗಳು ಕೆಲವೇ ವರ್ಷಕ್ಕೆ ಸೋಲುತ್ತಿದ್ದವು, ಓಡುವ ದೂರವೂ ಅಷ್ಟಕ್ಕಷ್ಟೆ, ಒಪ್ಪುತ್ತೇನೆ. ಆದರೆ ಕೆಟ್ಟಿದ್ದು ಏನು ಎಂದು ಮಾಲೀಕನಿಗೇ ಗೊತ್ತಾಗುತ್ತಿತ್ತು.

ಈಗಿನ ಕಾರಿನಲ್ಲಿ ಅದು ಲ್ಯಾಪ್‌ಟಾಪ್ ಇದ್ದವನಿಗೆ ಮಾತ್ರ ಗೊತ್ತು, ಅದರ ಪಾಸ್‌ವರ್ಡ್ ಕಂಪನಿಯದ್ದು. ಇಪ್ಪತ್ತು ವರ್ಷ ನಮ್ಮ ಮನೆಯ ಕಾರುಗಳನ್ನು ನೋಡಿಕೊಂಡ ಆಟೋ ಕಾಂಪ್ಲೆಕ್ಸಿನ ಮೇಸ್ತ್ರಿ ಈ ಕಾರಿನ ಬಾನೆಟ್ ಎತ್ತಿ, ಕಿತ್ತಳೆ ಬಣ್ಣದ ಕೇಬಲ್ಲು ಕಂಡ ಕೂಡಲೇ ಮುಚ್ಚಿದರು. ‘ಟೈರು, ಸಸ್ಪೆನ್ಷನ್ನು ಇದ್ರೆ ತನ್ನಿ ಸಾರ್, ಇದು ಬೇಡ.’ ಐಟಿಐಗಳಲ್ಲಿ ಈಗ ಎಲೆಕ್ಟ್ರಿಕ್ ವಾಹನ ಮೆಕ್ಯಾನಿಕ್ ಎಂಬ ಟ್ರೇಡೇ ಇದೆ. ಕಲಿತು ಬಂದ ಹುಡುಗರಿಗೆ ಬಿಡಿಭಾಗ, ಸಾಫ್ಟ್‌ವೇರ್ ಸಿಗದಿದ್ದರೆ ಅವರೂ ಕಂಪನಿಯ ಬಾಗಿಲಲ್ಲೇ ನಿಲ್ಲಬೇಕು. ಇದು ಎಲೆಕ್ಟ್ರಿಕ್ ಕಾರಿನಿಂದ ಶುರುವಾದ ರೋಗವೂ ಅಲ್ಲ. ಬಿಡಿಭಾಗ ಮತ್ತು ತಪಾಸಣೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕು’ ಪೋರ್ಟಲ್ ತೆರೆಯಿತು. ಮೇಸ್ತ್ರಿಯ ಷೆಡ್ಡಿಗೆ ಅದರಿಂದ ಇನ್ನೂ ಏನೂ ಬಂದಿಲ್ಲ.

ಡೀಲರ್ ಕಡೆಯಿಂದಲೂ ಒಮ್ಮೆ ನೋಡಬೇಕು. ಆಯಿಲ್ಲು, ಫಿಲ್ಟರ್ರು, ಬೆಲ್ಟು ಮಾರಿಯೇ ವರ್ಕ್‌ಶಾಪ್ ನಡೆಯುತ್ತಿತ್ತು. ನನ್ನಂಥ ಗಿರಾಕಿಯಿಂದ ಅದು ಯಾವುದೂ ಹುಟ್ಟುವುದಿಲ್ಲ. ಅದಕ್ಕೇ ಇರಬೇಕು, ಪ್ರತಿ ಸಲವೂ ಎ.ಸಿ. ಕ್ರಿಮಿನಾಶಕ, ಅಂಡರ್‌ಬಾಡಿ ಕೋಟಿಂಗ್, ಒಳಾಂಗಣ ಪಾಲಿಷ್ ಎಂದು ಅಂದಾಜು ಪಟ್ಟಿ ಉದ್ದವಾಗುತ್ತದೆ. ನಯವಾಗಿ ಹೊಡೆದುಹಾಕಿಸಿ. ಕಟ್ಟಲೇಬೇಕಾದ ಸಣ್ಣ ಖರ್ಚು ಬೇರೆ ಇವೆ. ಭಾರ ಹೆಚ್ಚು, ಎಳೆತ ಜಾಸ್ತಿ, ಹಾಗಾಗಿ ಟೈರು ಬೇಗ ಸವೆಯುತ್ತದೆ. ದೊಡ್ಡ ಬ್ಯಾಟರಿಯಲ್ಲಿ ಮುಕ್ಕಾಲು ಪಾಲು ಚಾರ್ಜ್ ಇದ್ದರೂ, ಬಾನೆಟ್ ಕೆಳಗಿನ ಹನ್ನೆರಡು ವೋಲ್ಟಿನ ಪುಟ್ಟ ಬ್ಯಾಟರಿ ಸತ್ತರೆ ಕಾರು ಏಳುವುದೇ ಇಲ್ಲ. ಅದು ಸಾಮಾನ್ಯವಾಗಿ ಎಂಟು ವರ್ಷದ ವಾರಂಟಿಯೊಳಗೆ ಬರುವುದಿಲ್ಲ. ಪುಣ್ಯಕ್ಕೆ ಅದನ್ನು ಬದಲಿಸಲು ಕಂಪನಿಯ ಅಪ್ಪಣೆ ಬೇಡ.

ವಿಮೆಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ದೊಡ್ಡ ಹಣ ಹೋಗುವುದು ಅಲ್ಲಿ. ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ಎಲೆಕ್ಟ್ರಿಕ್ ಕಾರಿಗೆ ಶೇ 15ರ ರಿಯಾಯಿತಿ ಇದೆ ಎಂದು ಏಜೆಂಟರು ಮೊದಲು ಹೇಳುತ್ತಾರೆ. ನಿಜವೇ. ಆದರೆ ಮಲೆನಾಡಿನ ರಸ್ತೆಯಲ್ಲಿ ಕಲ್ಲೋ ಹಂಪೋ ತಳಕ್ಕೆ ಬಡಿದು ಪ್ಯಾಕಿನ ಕವಚ ತಗ್ಗಾದರೆ, ಒಳಗೆ ಏನೂ ಆಗಿರದಿದ್ದರೂ ಇಡೀ ಪ್ಯಾಕನ್ನೇ ಬದಲಿಸಿ ಎನ್ನುವ ವರ್ಕ್‌ಶಾಪುಗಳುಂಟು. ಮೋಟಾರು ವಿಮೆಯ ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್, ಟೈರುಗಳ ಸಾಲಿನಲ್ಲೇ ಬ್ಯಾಟರಿಯೂ ಇದೆ. ಶೇ 50 ಸವಕಳಿ ಕಳೆದೇ ಕೊಡುವುದು. ಆ ನಿಯಮ ಬರೆದ ಕಾಲಕ್ಕೆ ಬ್ಯಾಟರಿ ಎಂದರೆ ಕೆಲವು ಸಾವಿರದ ವಸ್ತು, ಈಗ ಲಕ್ಷಗಳದ್ದು. ತೆರಿಗೆಯೂ ಹಾಗೆಯೇ: ಕಾರಿನ ಜೊತೆಗೆ ಬಂದಾಗ ಬ್ಯಾಟರಿಗೆ ಶೇ 5 ಜಿಎಸ್‌ಟಿ, ಬಿಡಿಯಾಗಿ ಕೊಂಡರೆ ಶೇ 18. ಆದ್ದರಿಂದ ಝೀರೋ ಡಿಪ್ರಿಸಿಯೇಷನ್ ಮತ್ತು ಬ್ಯಾಟರಿ ರಕ್ಷಣೆಯ ಆಡ್-ಆನ್‌ಗಳನ್ನು ಬೇರೆ ಎಲ್ಲಿ ಜಿಪುಣತನ ಮಾಡಿದರೂ ಇಲ್ಲಿ ಬಿಡಬೇಡಿ. ನೀರು ನುಗ್ಗಿದ್ದಕ್ಕೆ ರಕ್ಷಣೆ ಇದೆಯೇ ಎಂದು ಪಾಲಿಸಿಯ ಒಳಪುಟದಲ್ಲಿ ನೋಡಿ. ದಿನಭತ್ಯೆ ಎಂಬ ಇನ್ನೊಂದು ಆಡ್-ಆನ್ ಇದೆ, ಕಾರು ಗ್ಯಾರೇಜಿನಲ್ಲಿರುವಷ್ಟು ದಿನ ಇಂತಿಷ್ಟು ಎಂದು ಕೊಡುವಂಥದ್ದು. ಓದಿ ಖುಷಿಪಟ್ಟಿದ್ದೆ. ಅದು ಸಿಗುವುದು ಅಪಘಾತದ ಕ್ಲೇಮಿಗೆ. ತಾನಾಗಿ ಕೆಟ್ಟು ನಿಂತ ಕಾರಿಗೆ ಇಲ್ಲ.

ಹಾಗಾದರೆ ನಿಂತ ದಿನಗಳನ್ನು ಯಾರಿಂದ ವಸೂಲು ಮಾಡುವುದು? ಬಾಯಿಮಾತಿನ ಜಗಳದಿಂದ ನನಗೆ ಕಾಫಿ ಸಿಕ್ಕಿತೇ ಹೊರತು ಬೇರೇನೂ ಸಿಗಲಿಲ್ಲ. ಕೆಲಸ ಮಾಡಿದ್ದು ಕಾಗದ. ಕಾರು ಒಳಗೆ ಬಿಟ್ಟ ದಿನವೇ ಜಾಬ್ ಕಾರ್ಡಿನ ಪ್ರತಿ ಇಸಿದುಕೊಂಡಿದ್ದೆ, ಬ್ಯಾಟರಿ ಶೇಕಡಾವಾರು ಮತ್ತು ಓಡೋಮೀಟರ್ ಸಮೇತ. ಫೋನಿನಲ್ಲಿ ಹೇಳಿದ್ದನ್ನೆಲ್ಲ ಅವತ್ತೇ ಇಮೇಲಿನಲ್ಲಿ ‘ತಾವು ಹೀಗೆಂದಿರಿ’ ಎಂದು ಬರೆದು ಕಂಪನಿಯ ಮುಖ್ಯ ಕಚೇರಿಗೂ ಹಾಕುತ್ತಿದ್ದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ ಆ ಸಂಖ್ಯೆಯನ್ನೂ ಅದೇ ಇಮೇಲಿಗೆ ಸೇರಿಸಿದ ಮೇಲೆ ದನಿ ಬದಲಾಯಿತು. ಟ್ಯಾಕ್ಸಿಯ ಹಣ ಕೊಡಲಿಲ್ಲ. ವಿಸ್ತರಿತ ವಾರಂಟಿ ಒಂದು ವರ್ಷ ಉಚಿತವಾಗಿ ಬಂತು.

ಅದೂ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವವನಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ ಐವತ್ತು ಲಕ್ಷದವರೆಗಿದ್ದರೆ ಜಿಲ್ಲೆಯಲ್ಲೇ ಆಗುತ್ತದೆ. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಶುಲ್ಕ 400 ರೂಪಾಯಿ, ಒಂದು ದಿನದ ಕಂತಿಗಿಂತ ಕಡಿಮೆ. ಕಾಲ ಹಿಡಿಯುತ್ತದೆ, ಆದರೆ ಸೇವಾ ನ್ಯೂನತೆಗೆ, ಆದ ತೊಂದರೆಗೆ ಪರಿಹಾರ ಕೇಳುವ ಜಾಗ ಅದು.

ಈಗ ನನ್ನ ತಿಂಗಳ ಲೆಕ್ಕದಲ್ಲಿ ‘ಕಾರು ನಿಂತರೆ’ ಎಂಬ ಪ್ರತ್ಯೇಕ ಖಾತೆಯಿದೆ. ಪೆಟ್ರೋಲಿನಲ್ಲಿ ಉಳಿದದ್ದರಿಂದ ಎರಡು ಸಾವಿರ ಅಲ್ಲಿಗೆ ಆರ್‌.ಡಿ. ಆಗಿ ಹೋಗುತ್ತದೆ. ಹೆಂಡತಿ ಇದನ್ನು ಆಮೆ ಫಂಡ್ ಎನ್ನುತ್ತಾಳೆ. ಉಳಿತಾಯವೆಲ್ಲ ಕೈಖರ್ಚಿಗೆ ಎಂದುಕೊಂಡು ಕಾರು ಕೊಂಡವರಿಗೆ ಈ ಲೆಕ್ಕ ರುಚಿಸುವುದಿಲ್ಲ.

ಹೊಸನಗರದ ನನ್ನ ಚಿಕ್ಕಪ್ಪನ ಮಗ ಮೊನ್ನೆ ಕೇಳಿದ, ‘ಅಣ್ಣ, ತಗೊಳ್ಲಾ ಬೇಡ್ವಾ?’ ಮನೆಯಲ್ಲಿ ಇನ್ನೊಂದು ಗಾಡಿ ಇದ್ದು, ರಾತ್ರಿ ಅಂಗಳದಲ್ಲೇ ಚಾರ್ಜ್ ಆಗುವ ಹಾಗಿದ್ದರೆ ಧೈರ್ಯವಾಗಿ ತಗೋ ಎಂದೆ. ಇದೊಂದೇ ಗಾಡಿ, ಅದರಲ್ಲೇ ಅಪ್ಪನನ್ನು ಮಣಿಪಾಲಕ್ಕೆ ತಿಂಗಳಿಗೊಮ್ಮೆ ಕರೆದೊಯ್ಯಬೇಕು ಎಂದಾದರೆ ಇನ್ನೆರಡು ವರ್ಷ ತಡೆ. ಅವನದು ಎರಡನೆಯ ಸ್ಥಿತಿ. ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ ಎಂದೂ ಸೇರಿಸಿದೆ, ಕೆಲವು ಕಂಪನಿಗಳು ಈಚೆಗೆ ಕೊಡುತ್ತಿರುವ ಬ್ಯಾಟರಿಯ ‘ಜೀವಿತಾವಧಿ’ ವಾರಂಟಿ ಮೊದಲ ಮಾಲೀಕನಿಗೆ ಮಾತ್ರ. ಆದರೂ ಅವನಿಗೆ ಆಸೆ. ಷೋರೂಮಿಗೆ ಹೋದರೆ ರೇಂಜ್ ಎಷ್ಟು ಎಂದು ಕೇಳಬೇಡ ಎಂದಿದ್ದೇನೆ. ಪ್ಯಾಕ್ ಬಿಚ್ಚುವುದು ಯಾವ ಊರಿನಲ್ಲಿ, ಅಲ್ಲಿಗೆ ಫ್ಲಾಟ್‌ಬೆಡ್ ಲಾರಿಯ ಬಾಡಿಗೆ ಎಷ್ಟು ಕಿಲೋಮೀಟರಿನವರೆಗೆ ಉಚಿತ, ವಾರದ ಮೇಲೆ ನಿಂತರೆ ಬದಲಿ ಕಾರು ಕೊಡುತ್ತೀರಾ. ಈ ಮೂರಕ್ಕೂ ಉತ್ತರವನ್ನು ಬುಕಿಂಗ್ ಹಣ ಕೊಡುವ ಮೊದಲು ಇಮೇಲಿನಲ್ಲಿ ತರಿಸಿಕೊ ಎಂದಿದ್ದೇನೆ.